ಪಾಸ್‌ವರ್ಡ್ ಹೇಳಿ, ಓವರ್

ಗಂಡನ ಕಂಪ್ಯೂಟರ್ ಟೈಲರಮ್ಮನ ಹತ್ತಿರ ಪಾಸ್‌ವರ್ಡ್ ಕೇಳಿತು. ತನ್ನ ಹೆಸರು ಹೊಡೆದಳು, ಒಪ್ಪಲಿಲ್ಲ. ಮಗಳ ಹೆಸರು ಹೊಡೆದಳು, ಅದಕ್ಕೂ ಜಗ್ಗಲಿಲ್ಲ.

"ಯಜಮಾನರ ಥರಾನೇ ಇದೂನೂ, ಬಾಯೇ ಬಿಡಲ್ಲ," ಎಂದಳು.

"ಬಾಯಿ ಬಿಡಿಸೋದು ನನ್ನ ಕೆಲಸ, ಇರಿ," ಎಂದರು ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರು. ಊರಿನ ಹ್ಯಾಮ್ ರೇಡಿಯೋ ಸಂಘಕ್ಕೆ ಅವರೇ ಅಧ್ಯಕ್ಷರು.

ಹೊಳೆ ಉಕ್ಕಿ ಫೋನೂ ಕರೆಂಟೂ ಹೋದ ದಿನ ಆಸ್ಪತ್ರೆಗೆ, ಅಗ್ನಿಶಾಮಕ ಠಾಣೆಗೆ ಸುದ್ದಿ ಮುಟ್ಟಿಸುವುದು ಆ ಸಂಘದ ಕೆಲಸ. ಬರಹದ ಸಂದೇಶ ಕಳಿಸಲು ರೇಡಿಯೋಗೆ ಜೋಡಿಸುವ ಕಂಪ್ಯೂಟರುಗಳಿಗೆಲ್ಲ ಒಂದೇ ಆಪರೇಟಿಂಗ್ ಸಿಸ್ಟಂ ಇರಲಿ ಎಂದು ತೀರ್ಮಾನವಾಗಿತ್ತು. ಯಾವುದು ಎನ್ನುವಲ್ಲಿ ಗಂಡ ಹೆಂಡತಿಗೆ ಜಟಾಪಟಿ. ವಾಚ್ ರಿಪೇರಿಯ ಗಂಡ ವಿಂಡೋಸ್ ಬಿಟ್ಟು ಅಲುಗಾಡ. "ಎಲ್ಲರಿಗೂ ಗೊತ್ತಿರೋದು ಇದೇ ಕಣೇ." ಅವಳು ಯಾರೋ ಎಸೆಯಹೊರಟಿದ್ದ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡು, "ಹಳೇದಕ್ಕೂ ಹೊಂದ್ಕೊಳ್ಳುತ್ತೆ ರೀ, ಬೇಡದ್ದನ್ನೆಲ್ಲ ಕತ್ತರಿಸಿ ಹಾಕಬಹುದು," ಎನ್ನುತ್ತಿದ್ದಳು. ಊಟಕ್ಕೆ ಕೂತರೂ ಇದೇ ಮಾತು. ಕೊನೆಗೆ ಡಾಕ್ಟರು ಒಂದು ತಾಲೀಮು ಹೂಡಿದರು. ಅವಳದನ್ನು ನಡೆಸಿ ಅವನು ಸಂದೇಶ ಕಳಿಸಬೇಕು, ಅವನದನ್ನು ನಡೆಸಿ ಅವಳು ಉತ್ತರ ಕೊಡಬೇಕು. ಸಿದ್ಧಮಾಡಿಟ್ಟವರೇ ಆ ದಿನ ಅದರ ಮುಂದೆ ಇರುತ್ತಾರೆ ಎಂದೇನು ಗ್ಯಾರಂಟಿ? ಫೋನು ಸತ್ತಿದೆ ಎಂದೇ ಲೆಕ್ಕ. ಏನಿದ್ದರೂ ರೇಡಿಯೋದಲ್ಲೇ.

ಊರಾಚೆಯ ಅಗ್ನಿಶಾಮಕ ಠಾಣೆಯಲ್ಲಿ ಅವಳ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಗಂಡನ ದನಿ ಕರಕರ ಎನ್ನುತ್ತ ಬಂತು. "ನಾನು ಸಂದೇಶ ಕಳಿಸಿ ಆಯ್ತು. ಕಳಿಸೋಕೊಂದು ಬಟನ್, ನೋಡೋಕೊಂದು ಬಟನ್, ಅಷ್ಟೇ ಇಟ್ಟಿದ್ದೀಯಲ್ಲ! ಅಕ್ಷರ ಒಂದೊಂದೂ ಕುಂಬಳಕಾಯಿ ಗಾತ್ರ. ಓವರ್."

"ನೀವು ಕನ್ನಡಕ ಮರೆತು ಹೋಗಿರ್ತೀರ ಅಂತ ಗೊತ್ತಿತ್ತು. ಓವರ್."

"ಹೂಂ. ಮನೇಲೇ ಇದೆ. ನಿನ್ನ ಉತ್ತರ ಬಂದರೆ ಮುಗೀತು. ಎಪ್ಪತ್ಮೂರು. ಓವರ್."

ಟೈಲರಮ್ಮ ತುಟಿ ಕೊಂಕಿಸಿದಳು. ಹ್ಯಾಮ್‌ಗಳು ಮಾತು ಮುಗಿಸುವಾಗ ಎಪ್ಪತ್ಮೂರು ಎಂದರೆ ನಮಸ್ಕಾರ. ಎಂಬತ್ತೆಂಟು ಎಂದರೆ ಪ್ರೀತಿ, ಮುತ್ತು. ಅವಳು ಎಂಬತ್ತೆಂಟು ಎಂದಾಗಲೆಲ್ಲ ಅವನ ಕಡೆಯಿಂದ ಬರುತ್ತಿದ್ದುದು ಎಪ್ಪತ್ಮೂರೇ. ಮನೆಗೆ ಬಂದ ಮೇಲೆ, "ಊರೆಲ್ಲ ಕೇಳಿಸ್ಕೊಳ್ಳುತ್ತೆ ಕಣೇ," ಎಂಬ ಗೊಣಗಾಟ ಬೇರೆ.

"ಎಲ್ಲರಿಗೂ ಗೊತ್ತಿರೋದಕ್ಕೆ ಬೀಗ ಯಾಕ್ರೀ ಜಡಿದಿದ್ದೀರಿ? ಪಾಸ್‌ವರ್ಡ್ ಹೇಳಿ. ಓವರ್."

"ಅದು... ರೇಡಿಯೋದಲ್ಲಿ ಹೇಳೋ ಅಂಥದ್ದಲ್ಲ. ಎಲ್ಲ ಸ್ಟೇಷನ್ನಿನವರೂ ಕೇಳ್ತಿದಾರೆ."

ಉತ್ತರ ಹೋಗದಿದ್ದರೆ ಅವನ ಕಂಪ್ಯೂಟರ್ ಪರೀಕ್ಷೆಯಿಂದ ಹೊರಗೆ. ಗೆಲ್ಲುತ್ತಿರುವವಳು ತಾನೇ ಆದರೂ ಅವನ ಪೆಚ್ಚು ಮುಖ ಕಣ್ಣಿಗೆ ಕಟ್ಟಿ ಟೈಲರಮ್ಮ ಮೈಕನ್ನು ಡಾಕ್ಟರ ಕಡೆ ಚಾಚಿದಳು. ಡಾಕ್ಟರು ಮೈಕ್ ತೆಗೆದುಕೊಂಡರು. "ಯಜಮಾನ್ರೇ, ಹ್ಯಾಮ್ ರೇಡಿಯೋದಲ್ಲಿ ಏನನ್ನೂ ಗುಟ್ಟು ಮಾಡೋ ಹಾಗಿಲ್ಲ ಅಂತ ನಿಮಗೂ ಗೊತ್ತು. ಹೊಳೆ ಹೊಸಿಲಿಗೆ ಬಂದಿದೆ ಅಂದ್ಕೊಳ್ಳಿ. ಹೇಳ್ಬಿಡಿ."

ಗಂಡನ ದನಿ ತಗ್ಗಿತು: "ಎಂಟು, ಎಂಟು. ಪಕ್ಕದಲ್ಲೇ ಇಂಗ್ಲಿಷಿನಲ್ಲಿ... ಬಂಗಾರಿ. ಎಲ್ಲಾ ಸಣ್ಣಕ್ಷರ. ಓವರ್."

ಬಂಗಾರಿ ಎಂಬುದು ಬಾಗಿಲು ಹಾಕಿದ ಮನೆಯೊಳಗೆ ಮಾತ್ರ ಓಡಾಡುವ ಹೆಸರು. ಡಾಕ್ಟರು ತಲೆಯೆತ್ತಿ ಫ್ಯಾನನ್ನೇ ಮೊದಲ ಸಲ ಕಂಡವರಂತೆ ನೋಡತೊಡಗಿದರು. ಟೈಲರಮ್ಮ ಅಕ್ಷರ ಹುಡುಕಿ ಹುಡುಕಿ ಹೊಡೆದಳು. ಪರದೆ ತೆರೆದುಕೊಂಡಿತು. ಗಂಡನ ಸಂದೇಶ ಒಳಗೆ ಕಾದು ಕೂತಿತ್ತು.

"ಕನ್ನಡಕ ಇಲ್ಲದೋರೂ ನಡೆಸಿದರಲ್ಲ, ನಿಮ್ಮ ಲಿನಕ್ಸೇ ಇರಲಿ ಬಿಡಿ," ಎಂದರು ಡಾಕ್ಟರು ಇನ್ನೂ ಫ್ಯಾನಿನ ಕಡೆಗೇ ನೋಡುತ್ತ. "ಉತ್ತರ ಕಳಿಸಿ, ಮುಗಿಸೋಣ."

ಟೈಲರಮ್ಮ ಕೀಬೋರ್ಡ್ ಅತ್ತ ಸರಿಸಿ ಮೈಕ್ ಎತ್ತಿಕೊಂಡಳು.

"ಸರಿಯಾಗಿ ಕೇಳಿಸ್ಲಿಲ್ಲ ರೀ. ಇನ್ನೊಂದ್ಸಲ ಹೇಳಿ. ಓವರ್."