ಕುಡುಗೋಲಿನ ಗೀರು

"ಬಾವಿ ನಿನ್ನ ಪಾಲಿಗೆ ಬರಲ್ಲಮ್ಮ, ಗಡಿ ಇಲ್ಲಿಗೇ ಮುಗೀತು," ಎಂದು ಕೆಳಗಿನ ಹೊಲ ಮಾರುತ್ತಿದ್ದ ಯಜಮಾನರು ಹೊಸದಾಗಿ ನೆಟ್ಟ ಗೂಟ ತೋರಿಸಿದರು. ಸರ್ವೇಯರ್ ಟೇಪು ಸುತ್ತತೊಡಗಿದ.

ಕೊಳ್ಳಲು ಬಂದಿದ್ದ ಹೆಂಗಸು ಗುದ್ದಲಿ ಎತ್ತಿಕೊಂಡಳು. ಬಾವಿಯಾಚೆ ಇಪ್ಪತ್ತು ಹೆಜ್ಜೆ ನಡೆದು, ಪೊದೆಯ ಬುಡವನ್ನು ಅಗೆದಳು. ಮೂರನೇ ಏಟಿಗೆ ಠಣ್ ಎಂದಿತು. ಮಣ್ಣು ಸರಿಸಿದರೆ ಹಳೆಯ ಗಡಿಕಲ್ಲು. ಅದರ ನೆತ್ತಿಯಲ್ಲಿ ಬೆರಳು ಹುದುಗುವಷ್ಟು ಆಳದ ಗೀರು.

"ಇಲ್ಲಿ ಕಲ್ಲಿದೆ ಅಂತ ನಿನಗೆ ಹೇಗೆ ಗೊತ್ತು?" ಯಜಮಾನರ ದನಿ ಇಳಿದಿತ್ತು.

"ಹದಿನೆಂಟು ವರ್ಷ ನಿಮ್ಮಲ್ಲಿಗೆ ಕೂಲಿಗೆ ಬಂದೆನಲ್ಲ. ದಿನಾ ಕುಡುಗೋಲು ಮಸೀತಿದ್ದದ್ದು ಇದರ ಮೇಲೇ."

ಸರ್ವೇಯರ್ ನಕ್ಷೆ ಬಿಡಿಸಿ ತಾಳೆ ನೋಡಿದ. ಗೂಟ ಕಿತ್ತು, ಟೇಪನ್ನು ಬಾವಿ ದಾಟಿಸಿ ಕಲ್ಲಿಗೆ ಹಿಡಿದ.

ಅವಳು ಬಾವಿಕಟ್ಟೆಯ ಮೇಲೆ ಆರಾಮಾಗಿ ಕೂತಳು. "ನಿಮ್ಮ ಮೇಲಿನ ಹೊಲಕ್ಕೆ ನೀರು ಬೇಕಾದರೆ ಕೇಳಿ, ಯಜಮಾನ್ರೇ. ಇಲ್ಲ ಅನ್ನಲ್ಲ."