ಮನೆಯ ಹರಕೆ

ಜನ ದೇವರಿಗೆ ಹೊತ್ತ ಹರಕೆಗಳನ್ನು ತೂಗಿ ಕಬಡ್ಡಿಯ ಬಾಜಿ ದರ ನಿಗದಿ ಮಾಡುವುದು ಸುವರ್ಣಳ ಕಚೇರಿಯ ಕೆಲಸ. ಹರಕೆ ಹೆಚ್ಚು ತೂಗಿದ ತಂಡ ಎಂದೂ ಸೋತದ್ದಿಲ್ಲ. ಆದರೆ ಕಬಡ್ಡಿ ಆಡುವ ಅವಳ ತಮ್ಮ ಈರಣ್ಣನಿಗೆ ಊರೇ ಹರಕೆ ಹೊತ್ತರೂ ಸೆಮಿಫೈನಲ್‌ನಲ್ಲಿ ಸೋಲು ತಪ್ಪುತ್ತಿರಲಿಲ್ಲ. ಕಾರಣ ಹುಡುಕಲು ಅವಳು ಹಳೆಯ ಪಂದ್ಯಗಳ ಹರಕೆಗಳನ್ನು, ಈ ಸಲ ಸೋಲು ಬೇಡಿದವನ್ನೂ ಸೇರಿಸಿ, ಮತ್ತೆ ತೂಗಿಸಿದಳು. ಪ್ರತಿ ಸಲವೂ ಅವನ ಸೋಲು ಬೇಡಿದ ಒಂದೇ ಹರಕೆ ಊರಿನದಕ್ಕಿಂತ ಭಾರವಾಗಿತ್ತು. ಹರಕೆ ಹೊತ್ತವರ ವಿಳಾಸ ನೋಡಿದಳು. ಅದು ಅವಳ ಮನೆಯದೇ.

ಓಡೋಡಿ ಬಂದಾಗ ಅವ್ವ ನಾಳಿನ ಪಂದ್ಯಕ್ಕೆ ಹಳದಿ ಬಟ್ಟೆಯಲ್ಲಿ ಕಾಸು ಕಟ್ಟುತ್ತಿದ್ದಳು.

"ಅವ್ವಾ, ಈರಣ್ಣ ಸೋಲಲಿ ಅಂತ ನೀನ ಬೇಡ್ಕೊಂಡಿ ಏನ?"

"ಹೌದವಾ," ಎಂದ ಅವ್ವ ಗಂಟು ಬಿಗಿದಳು. "ಗೆದ್ದಾಗ ಊರ ಮಂದಿ ಹೆಗಲ ಮ್ಯಾಲೆ ಹೊತ್ಕೊಂಡು ಹೋಗ್ತಾರ. ಸೋತಾಗಷ್ಟ ಅಂವ ನನ್ನ ತೊಡಿ ಮ್ಯಾಲೆ ತಲಿ ಇಡ್ತಾನ."