ಇಂದಿನ ನೀರು

ಗೇರುಸೊಪ್ಪದ ಹಿನ್ನೀರಿನಲ್ಲಿ ಮೊಣಕೈವರೆಗೆ ಕೈ ಅದ್ದಿ, ಬೊಮ್ಮಯ್ಯ ಇವತ್ತೂ ಬೇಡವೆಂಬಂತೆ ತಲೆಯಾಡಿಸಿದ. "ನೀರು ತಣ್ಣಗದೆ. ಮೀನು ತಳ ಹಿಡಿದಿರ್ತದೆ. ಗಾಳಿನೂ ಏಳೋ ಹಾಂಗೆ ಕಾಣ್ತದೆ. ಇಂದು ಬೇಡ ನೀಲಾ."

ಸೊಸೆ ನೀಲಾ ಹೆಗಲ ಮೇಲೆ ಬಲೆ ಹೊತ್ತು ನಿಂತಿದ್ದಳು. ಹೋದ ಮಳೆಗಾಲದಲ್ಲಿ ಅವಳ ಗಂಡ ನರೇಶ ಇದೇ ನೀರಿಗೆ ಹೋದವನು, ಬಿರುಗಾಳಿಗೆ ದೋಣಿ ಮಗುಚಿ, ತಿರುಗಿ ಬರಲಿಲ್ಲ. ಇನ್ನು ಮೀನಿಗೆ ತಾನೇ ಹೋಗುತ್ತೇನೆಂದು ಅವಳು ಹೊರಟಂದಿನಿಂದ ಮಾವನಿಗೆ ಒಂದು ಬೆಳಗೂ ಸರಿಬಂದಿರಲಿಲ್ಲ. ಒಂದು ದಿನ ನೀರು ಕದಡಿರುತ್ತಿತ್ತು, ಇನ್ನೊಂದು ದಿನ ಮೋಡ ಕವಿದಿರುತ್ತಿತ್ತು.

ನೀಲಾ ಬಲೆ ಇಳಿಸಿ, ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ತಾನೂ ಕೈ ಅದ್ದಿದಳು. ನೀರು ಬೆಚ್ಚಗಿತ್ತು. ಗುಡ್ಡದ ನೆರಳು ಅಲುಗದೆ ಬಿದ್ದಿತ್ತು. ನಡುಗುತ್ತಿದ್ದದ್ದು ಮುದುಕನ ಬೆರಳುಗಳು ಮಾತ್ರ. ಅವಳು ನೀರೊಳಗೇ ಅವನ್ನು ಹಿಡಿದುಕೊಂಡಳು.

"ನಂಗೂ ಹೆದರಿಕೆ ಅದೆ, ಮಾವ."

ಬೊಮ್ಮಯ್ಯ ಗುಡ್ಡದ ನೆರಳಿನತ್ತ ನೋಡಿದ. "ನೀರು ಚಲೋ ಅದೆ," ಅಂದ ಕೊನೆಗೆ. ಆಮೇಲೆ ಪಂಚೆ ಎತ್ತಿಕಟ್ಟಿ, ಅವಳಿಗಿಂತ ಮೊದಲೇ ದೋಣಿ ಹತ್ತಿ ಕೂತ. "ಹುಟ್ಟು ನೀನೇ ಹಿಡಿ. ಗಾಳಿ ನಾ ನೋಡ್ಕಂತೆ."